ಸೋರೆಬುರುಡೆಯೊಳಗಿನ ನಗು

ಬಹಳ ಕಾಲದ ಹಿಂದೆ, ಮುತ್ತಿನಕೆರೆ ಎಂಬ ರಾಜ್ಯದಲ್ಲಿ ಕೀರ್ತಿಮಲ್ಲನೆಂಬ ರಾಜಕುಮಾರನಿದ್ದ. ಅವನ ಕತ್ತಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಅವನ ತಂಗಿ ಹೊನ್ನಲೆ ನಕ್ಕಳೆಂದರೆ ಅರಮನೆಯೆಲ್ಲ ನಗುತ್ತಿತ್ತು.

ಒಂದು ದಿನ ತುಂಬಿದ ಸಭೆಯಲ್ಲಿ ಅವನು, "ಇವಳ ನಗು ಕೇಳಿ, ಒಡಕು ಗಡಿಗೆ ಉರುಳಿದ ಹಾಗಿದೆ!" ಎಂದುಬಿಟ್ಟ. ಸಭೆ ಗೊಳ್ಳೆಂದಿತು. ಹೊನ್ನಲೆಯ ನಗು ತುಟಿಯಿಂದ ಜಾರಿ ಬಿತ್ತು. ತೊಲೆಯ ಮೇಲೆ ಹೊಂಚಿ ಕೂತಿದ್ದ ಗೂಗೆಮೋರೆಯ ಮಾಂತ್ರಿಕ ಅದನ್ನು ತಟಕ್ಕನೆ ಹಿಡಿದು, ಸೋರೆಬುರುಡೆಯಲ್ಲಿ ತುಂಬಿಕೊಂಡು ತನ್ನ ಬೆಟ್ಟಕ್ಕೆ ಹಾರಿಹೋದ.

ಅಂದಿನಿಂದ ಹೊನ್ನಲೆ ನಗಲಿಲ್ಲ. ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ಕೀರ್ತಿಮಲ್ಲನಿಗೆ ಅನ್ನ ಗಂಟಲಲ್ಲಿ ಇಳಿಯದಾಯಿತು. ಪಾಪ, ಮಾಂತ್ರಿಕನ ಬೆಟ್ಟಕ್ಕೆ ಹೊರಟೇಬಿಟ್ಟ.

ಮೊದಲ ಬಾಗಿಲಲ್ಲಿ ಹುಲಿ. "ಯಾಕೆ ಬಂದೆ? ನಿಜಕ್ಕೆ ದಾರಿ, ಸುಳ್ಳಿಗೆ ಸುಂಕ," ಎಂದಿತು.

"ಮಾಂತ್ರಿಕ ನನ್ನ ತಂಗಿಯ ನಗು ಕದ್ದ."

"ಇದು ಅರ್ಧ ನಿಜ," ಎಂದು ಹುಲಿ ಅವನ ಕಿರೀಟವನ್ನು ಹಪ್ಪಳದಂತೆ ಕರಕರನೆ ತಿಂದು ಒಳಗೆ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಹೆಬ್ಬಾವು. ಅದೂ ಹಾಗೇ ಕೇಳಿತು.

"ನಾನೇ ಅಣಕಿಸಿದೆ. ಆದರೆ ಸುಮ್ಮನೆ ತಮಾಷೆಗೆ."

ಹೆಬ್ಬಾವು ಅವನ ಜರಿ ಚಪ್ಪಲಿಗಳನ್ನು ಗುಳುಂ ಮಾಡಿತು.

ಮೂರನೆಯ ಬಾಗಿಲಲ್ಲಿ ಕಬ್ಬಿಣದ ಕೊಕ್ಕಿನ ಹದ್ದು. ಈ ಸಲ ಕೀರ್ತಿಮಲ್ಲನ ಕಣ್ಣು ತುಂಬಿತು.

"ನಾನೇ ಅಣಕಿಸಿದೆ. ಅವಳಿಗೆ ನೋವಾಯಿತು."

ಹದ್ದು ಯಾವ ಸುಂಕವನ್ನೂ ಕೇಳದೆ ಬಾಗಿಲು ತೆರೆಯಿತು.

ಒಳಗೆ ನೂರಾರು ಬುರುಡೆಗಳ ನಡುವೆ ಮಾಂತ್ರಿಕ ಕೂತಿದ್ದ. "ತಗೊಂಡು ಹೋಗು! ಮುಚ್ಚಳ ತೆರೆಸುವ ಮಾತು ನಿನ್ನ ಬಾಯಲ್ಲಿ ಬರುವುದಿಲ್ಲ," ಎಂದು ಬುರುಡೆ ಎಸೆದ.

ಕೀರ್ತಿಮಲ್ಲ ಅರಮನೆಗೆ ಮರಳಿ, ಹೂದೋಟದ ಮೂಲೆಯಲ್ಲಿ ತಂಗಿಯನ್ನು ಕಂಡು, "ತಪ್ಪಾಯ್ತು ತಂಗೀ," ಎಂದು ಪಿಸುಗುಟ್ಟಿದ. ಮುಚ್ಚಳ ಅಲುಗಲಿಲ್ಲ.

ಹೊನ್ನಲೆ ಕೊನೆಗೂ ಬಾಯಿ ಬಿಟ್ಟಳು. "ಅಣಕಿಸುವಾಗ ಸಭೆಯೆಲ್ಲ ಬೇಕಿತ್ತು. ತಪ್ಪೊಪ್ಪಿಕೊಳ್ಳುವಾಗ ಈ ಮೂಲೆ ಸಾಕೇ ಅಣ್ಣಯ್ಯಾ?"

ಅವನು ಬುರುಡೆ ಹಿಡಿದು, ಬರಿಗಾಲಲ್ಲಿ, ಬರಿದಲೆಯಲ್ಲಿ ತುಂಬಿದ ಸಭೆಗೆ ನಡೆದ. ಅಣಕಿಸಿದ ಜಾಗದಲ್ಲೇ ನಿಂತು ಗಟ್ಟಿಯಾಗಿ ಹೇಳಿದ: "ನನ್ನ ತಂಗಿಯನ್ನು ಇಲ್ಲೇ ನೋಯಿಸಿದೆ. ತಪ್ಪು ನನ್ನದೇ. ಇನ್ನು ಹಾಗೆ ಮಾಡುವುದಿಲ್ಲ."

ಟಪ್ಪೆಂದು ಮುಚ್ಚಳ ಹಾರಿತು. ಹೊನ್ನಲೆ ಅಣ್ಣನ ಕೆದರಿದ ತಲೆ, ಕೆಸರು ಕಾಲು ನೋಡಿದಳು. ಅಯ್ಯೋ, ಆ ನಗು! ಒಡಕು ಗಡಿಗೆ ಉರುಳಿದ ಹಾಗೇ ಇತ್ತು. ಅದು ಬೆಟ್ಟ ಮುಟ್ಟಿದ್ದೇ ಉಳಿದ ಬುರುಡೆಗಳೆಲ್ಲ ಸಿಡಿದು, ಕದ್ದ ನಗುಗಳೆಲ್ಲ ತಮ್ಮ ತಮ್ಮ ಮನೆಗೆ ಓಡಿದವು. ಮಾಂತ್ರಿಕ ನಿಜವಾದ ಗೂಗೆಯಾಗಿ ಪೊಟರೆ ಸೇರಿದ.

"ಮುನಿಸು ಹೋಯಿತೇ?" ಎಂದ ಕೀರ್ತಿಮಲ್ಲ.

"ಇನ್ನೊಂದು ಚೂರು ಉಳಿದಿದೆ. ನಿನ್ನ ಪಾಲಿನ ಹೋಳಿಗೆಯನ್ನೂ ನನಗೆ ಕೊಡು."

ಕೊಟ್ಟ. ಅಂದಿನಿಂದ ಆ ನಾಡಿನಲ್ಲಿ ಯಾರನ್ನಾದರೂ ನೋಯಿಸಿದವರು ಬರಿಗಾಲಲ್ಲಿ, ನೋಯಿಸಿದ ಜಾಗಕ್ಕೇ ಬಂದು ತಪ್ಪೊಪ್ಪಿಕೊಳ್ಳುತ್ತಾರೆ. ಆಮೇಲೆ ಹೋಳಿಗೆ ತಿಂದು, ಎಲ್ಲರೂ ಸುಖವಾಗಿದ್ದಾರೆ.