ಎರಡನೇ ಬೇಸ್ ಕೆಳಗೆ ಲಿಯೋ

ಢಮಾರ್!

ಗುಂಡು ಹಿಂದಿನ ಗಾಜು ಒಡೆದು ಬಂದು ನನ್ನ ಕಾರಿನ ರೇಡಿಯೋಗೆ ಬಡಿಯಿತು.

ರೇಡಿಯೋ ಸತ್ತಿತು. ಸಾಯಲಿ ಬಿಡಿ... ಅದರಲ್ಲಿ ಪೆಟ್ರೋಲ್ ಬೆಲೆಯ ಸುದ್ದಿ ಬರುತ್ತಿತ್ತು.

ನನ್ನ ತೊಡೆಗಳ ಮಧ್ಯೆ ಒಂದು ಉಪ್ಪಿನಕಾಯಿ ಜಾಡಿ. ಜಾಡಿ ತುಂಬ ಕಪ್ಪು ಎಣ್ಣೆ. ಬೆನ್ನಿಗೆ ಬಿದ್ದವನು ಪಿಕಪ್ ಟ್ರಕ್‌ನ ಗಾರ್ವಿನ್. ಆರೂವರೆ ಅಡಿ ಆಳು. ಅವನಿಗೆ ಆ ಜಾಡಿ ಬೇಕು. ಜೊತೆಗೆ ನನ್ನ ತಲೆಯೂ ಸಿಕ್ಕರೆ ಬೇಡ ಅನ್ನುವವನಲ್ಲ.

ಇಂಥ ಹೊತ್ತಿನಲ್ಲಿ ಯಾರೇ ಆದರೂ ಆಕ್ಸಿಲರೇಟರ್ ತುಳಿಯುತ್ತಾರೆ.

ನಾನು ತುಳಿಯಲಿಲ್ಲ!

ನನ್ನ ಲಿಂಕನ್ ಕಾರಿಗೆ ಮೂವತ್ತು ವರ್ಷ. ಮದುವೆ ಮನೆಯ ನೆಂಟನ ಹಾಗೆ ಕುಡಿಯುತ್ತದೆ. ಅದು 2008ರ ಬೇಸಿಗೆ. ಗ್ಯಾಲನ್ನಿಗೆ ನಾಲ್ಕು ಡಾಲರ್ ದಾಟಿತ್ತು. ತುಳಿದರೆ ಸಾಯುವುದು ತಪ್ಪೀತು, ಸರಿ. ಆಮೇಲೆ ಬದುಕುವುದು ಹೇಗೆ?

ಇಳಿಜಾರು ಬಂತು. ಎಂಜಿನ್ ಆಫ್ ಮಾಡಿದೆ. ಸ್ಟಿಯರಿಂಗ್ ಕಲ್ಲಾಯಿತು. ಎರಡೂ ಕೈಯಲ್ಲಿ ಜಗ್ಗುತ್ತಾ ಕನ್ನಡಿ ನೋಡಿದೆ.

ಗಾರ್ವಿನ್ ಕೂಡ ಆಫ್ ಮಾಡಿದ್ದ!

ಸದ್ದಿಲ್ಲ. ಹೊಗೆಯಿಲ್ಲ. ಇಬ್ಬರೂ ಜೀವ ಕೈಯಲ್ಲಿ ಹಿಡಿದು ಎತ್ತಿನ ಗಾಡಿಯ ವೇಗದಲ್ಲಿ ಉರುಳುತ್ತಿದ್ದೇವೆ. ಅಷ್ಟರಲ್ಲಿ ಒಂದು ಸೈಕಲ್ ನಮ್ಮಿಬ್ಬರನ್ನೂ ಹಿಂದೆ ಹಾಕಿತು. ನಮ್ಮ ಚರ್ಚಿನ ಪಾದ್ರಿ, ಫಾದರ್ ಸ್ರೋಕಾ. ಅವರು ಕಾರು ಮಾರಿ ಎರಡು ತಿಂಗಳಾಗಿತ್ತು.

"ವಾಲ್ಟ್! ಭಾನುವಾರ ಪೂಜೆಗೆ ಬರ್ತೀಯ ತಾನೇ?"

"ಬದುಕಿದ್ರೆ ಬರ್ತೀನಿ ಫಾದರ್!"

"ಸತ್ರೂ ಬಾ! ಆ ಪೂಜೇನೂ ನಾನೇ ಮಾಡೋದು!"

ಇಳಿಜಾರು ಮುಗಿಯುವಲ್ಲಿ ಪೆಟ್ರೋಲ್ ಬಂಕ್. ಬೋರ್ಡು ನೋಡಿದೆ. ಬೆಳಿಗ್ಗೆಗಿಂತ ಎರಡು ಸೆಂಟ್ ಕಡಿಮೆ!

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಲಿಂಕನ್ ತಾನಾಗಿಯೇ ತಿರುಗಿ ಕ್ಯೂ ಸೇರಿತು. ಗಾರ್ವಿನ್ ನನ್ನ ಹಿಂದೆಯೇ ಬಂದು ನಿಂತ. ಇಳಿದ. ಕಿಟಕಿಯಲ್ಲಿ ಕೈ ತೂರಿಸಿ ಪಿಸ್ತೂಲನ್ನು ನನ್ನ ಕಪಾಳಕ್ಕೆ ಒತ್ತಿದ.

"ಜಾಡಿ ಕೊಡು."

"ಯಾವ ಜಾಡಿ?"

"ತಮಾಷೆ ಮಾಡ್ಬೇಡ. ಮೂರು ಎಣಿಸ್ತೀನಿ. ಒಂದು..."

ಪೋಂಯ್!

ಅವನ ಟ್ರಕ್ಕಿನ ಹಿಂದಿನ ಕಾರಿನಿಂದ ಒಂದು ಬೆಳ್ಳಿ ತಲೆ ಹೊರಬಂತು. ಮಿಸೆಸ್ ಪ್ಲಾಟ್ನರ್. ಊರಿನ ಅರ್ಧ ಮಕ್ಕಳಿಗೆ ಪಿಯಾನೋ ಕಲಿಸಿ, ಉಳಿದರ್ಧಕ್ಕೆ ಕಿವಿ ಹಿಂಡಿದವರು.

"ಏ ಗಾರ್ವಿನ್! ಮುಂದೆ ಜಾಗ ಆಯ್ತಲ್ಲೋ, ಸರಿಯೋ! ಎರಡು ಸೆಂಟ್ ಯಾವಾಗ ಮತ್ತೆ ಏರುತ್ತೋ ಏನೋ! ಕೊಲ್ಲೋದಿದ್ರೆ ಪೆಟ್ರೋಲ್ ಹಾಕಿಸ್ಕೊಂಡು ಕೊಲ್ಲು!"

"ಒಂದೇ ನಿಮಿಷ ಮೇಡಂ..."

"ಬೆರಳು ನೋಡು, ಹೆಂಗೆ ಸೊಟ್ಟಗಿಟ್ಟಿದೀಯ! ಆವಾಗ್ಲೂ ಬಡ್ಕೊಂಡೆ! ಬೆರಳು ಬಾಗಿಸಿ ಮೆತ್ತಗೆ ಒತ್ತಬೇಕು ಅಂತ!"

ಗಾರ್ವಿನ್ ಕೆಂಪಗಾದ. ಟ್ರಕ್ ಸರಿಸಲು ಓಡಿದ. ಕೀಲಿ ತಿರುಗಿಸಿದ. ಕುಯ್ಯೋ... ಕುಯ್ಯೋ... ಟ್ಯಾಂಕ್ ಖಾಲಿ! ಕ್ಯೂ ಪೂರ್ತಿ ಇಳಿದು ಬಂದು ಅವನಿಗೆ ಬೈಯತೊಡಗಿತು.

ನಾನು ಎರಡು ಸೆಂಟ್ ಲಾಭವನ್ನು ಅಲ್ಲೇ ಬಿಟ್ಟು ಹೊರಟೆ. ಸುಳ್ಳು ಹೇಳುವುದಿಲ್ಲ, ಕಣ್ಣಲ್ಲಿ ನೀರು ಬಂತು.

ತಡೆಯಿರಿ. ಈ ಜಾಡಿ ಎಲ್ಲಿಂದ ಬಂತು ಅಂತ ಹೇಳಲಿಲ್ಲ, ಅಲ್ಲವೇ?

ನಾನು ವಾಲ್ಟ್ ಹಲುಸ್ಕಾ. ಪೆನ್ಸಿಲ್ವೇನಿಯಾದ ಟಿಲ್ಲರ್ಸ್‌ಬರ್ಗ್ ಊರಿನ ಏಕೈಕ ಖಾಸಗಿ ಪತ್ತೇದಾರ. ಆ ಬೇಸಿಗೆಯಲ್ಲಿ ನನಗೆ ಬರುತ್ತಿದ್ದುದು ಒಂದೇ ಥರದ ಕೇಸು. ರಬ್ಬರ್ ಪೈಪಿನಲ್ಲಿ ಪೆಟ್ರೋಲ್ ಎಳೆದ ಕಳ್ಳನನ್ನು ಹಿಡಿ. ಹಿಡಿಯುವುದು ಸುಲಭ. ಬಾಯಿ ಮೂಸಿದರೆ ಸಾಕು!

ಆಗ ರಡ್‌ಬೆಕ್ ಬಂದ. ಬಿಳಿ ಹ್ಯಾಟು, ಬಿಳಿ ಹಲ್ಲು, ಬಾಡಿಗೆಯ ಬೋರ್‌ವೆಲ್ ಲಾರಿ. ಮಕ್ಕಳು ಬೇಸ್‌ಬಾಲ್ ಆಡುವ ಮೈದಾನದಲ್ಲಿ, ಸ್ಕೋರ್‌ಬೋರ್ಡಿನ ಹಿಂದೆ ಒಂದು ತೂತು ಕೊರೆದ. ಎಣ್ಣೆ ಬಂತು! ಕಪ್ಪಗೆ, ದಪ್ಪಗೆ. ಊರಿಗೆ ಹುಚ್ಚು ಹಿಡಿಯಿತು. ಮೈದಾನವನ್ನು ಅವನಿಗೆ ಬರೆದುಕೊಟ್ಟರೆ ಊರಿನವರಿಗೆಲ್ಲ ಅಗ್ಗದ ಪೆಟ್ರೋಲ್ ಅಂದ. ಸೋಮವಾರ ಎಲ್ಲರ ಮುಂದೆ ಪಂಪ್ ಓಡಿಸಿ ತೋರಿಸುವುದು, ಅಲ್ಲೇ ಕೈಯೆತ್ತಿ ಮತ ಹಾಕುವುದು. ದೊಡ್ಡ ಬಾವಿ ಮೈದಾನದ ನಟ್ಟನಡುವೆ. ಆಟಗಾರ ಓಡಿ ಮುಟ್ಟಬೇಕಾದ ಎರಡನೇ ಬೇಸ್ ಇರುವ ಜಾಗದಲ್ಲಿ.

ಮರುದಿನವೇ ಕೆಫೆ ನಡೆಸುವ ಬರ್ನಿ ಸೊಬ್‌ಜಾಕ್ ನನ್ನ ಆಫೀಸಿಗೆ ಬಂದಳು. ಬಾಗಿಲು ಹಾಕಿಕೊಂಡಳು.

"ವಾಲ್ಟ್, ಅಲ್ಲಿ ಅಗೀಬಾರದು."

"ಯಾಕೆ?"

"ಎರಡನೇ ಬೇಸ್ ಕೆಳಗೆ ಲಿಯೋ ಇದಾನೆ."

ಲಿಯೋ ಅವಳ ಗಂಡ. ಆ ಮೈದಾನವನ್ನು ಹಾರೆ ಹಿಡಿದು ಕಟ್ಟಿದವನು. ಸತ್ತು ಆರು ವರ್ಷ.

"ಬೂದಿ. ಕಾಫಿ ಡಬ್ಬೀಲಿ. ನಾನೇ ಹೂತಿದ್ದು. ಜೀವಮಾನದಲ್ಲಿ ಒಂದು ಸಲಾನೂ ಎರಡನೇ ಬೇಸ್ ದಾಟಿದೋನಲ್ಲ ಅವನು. ಅಲ್ಲೇ ಇರ್ಲಿ ಅಂದ್ಕೊಂಡೆ. ಊರಿಗೆ ಹೇಳಿದ್ರೆ ಕಾನೂನು ಅಂತಾರೆ, ತೆಗೀ ಅಂತಾರೆ..."

ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡಳು. ಹಾಗಾಗಿಯೇ ಎಣ್ಣೆ ಅಸಲಿಯೋ ನಕಲಿಯೋ ನೋಡಲು ರಡ್‌ಬೆಕ್‌ನ ತೂತಿಗೆ ಪೈಪ್ ಇಳಿಸಿ ಬಾಯಲ್ಲಿ ಎಳೆದು ಜಾಡಿ ತುಂಬಿಸಿದೆ. ಅವನ ಪರವಾಗಿ ಕಾವಲಿದ್ದ ಗಾರ್ವಿನ್ ನೋಡಿಬಿಟ್ಟ. ಉಳಿದದ್ದು ನಿಮಗೆ ಗೊತ್ತು.

ಕೆಫೆಯ ಅಡುಗೆಮನೆಯಲ್ಲಿ ಬರ್ನಿಯ ಮುಂದೆ ಜಾಡಿಯ ಮುಚ್ಚಳ ತೆಗೆದೆ. ಮೂಸಿದೆ.

ಒಂದನೇ ತರಗತಿಯ ವಾಸನೆ!

ಜನವರಿಯ ಬೆಳಗು, ಒದ್ದೆ ಕೈಗವಸು, ನೆಲಮಾಳಿಗೆಯಲ್ಲಿ ಗುರುಗುಡುವ ಬಾಯ್ಲರ್... ನಾನು ಕಲಿತ ಶಾಲೆ ಇದ್ದದ್ದು ಅದೇ ಜಾಗದಲ್ಲಿ. ಕಟ್ಟಡ ಕೆಡವಿದರು, ಮಣ್ಣು ಹರಡಿದರು, ಹುಲ್ಲು ಬೆಳೆಸಿದರು. ಶಾಲೆಯನ್ನು ಬೆಚ್ಚಗಿಡುತ್ತಿದ್ದ ಎಣ್ಣೆಯ ಟ್ಯಾಂಕನ್ನು ನೆಲದೊಳಗೇ ಮರೆತರು. ರಡ್‌ಬೆಕ್ ತೂತು ಕೊರೆದದ್ದು ಅದಕ್ಕೇ. ನಮ್ಮ ಕಡೆ ಎಲ್ಲರೂ ಮಾಡುವ ತಪ್ಪೇ. ಮನೆ ಕೆಡವುವವನಿಗೆ ಕಣ್ಣಿಗೆ ಕಾಣುವುದೇ ಮನೆ.

"ಇದು ಎಣ್ಣೆಬಾವಿ ಅಲ್ಲ ಬರ್ನಿ. ಬಾಯ್ಲರ್ ಎಣ್ಣೆ. ಹಳೇದಾಗಿ ಕಪ್ಪಗಾಗಿದೆ ಅಷ್ಟೆ."

"ಹಂಗಾದ್ರೆ ಹೇಳಿಬಿಡೋಣ!"

"ಹೇಳಿದ್ರೆ ಪರಿಸರ ಇಲಾಖೆಯೋರು ಬರ್ತಾರೆ. ಹಳೇ ಟ್ಯಾಂಕು, ಸೋರಿದ್ರೆ ಅಪಾಯ ಅಂತ ಮೈದಾನ ಪೂರ್ತಿ ಬಗೆದು, ಮಣ್ಣು ಲಾರಿಗೆ ತುಂಬಿಸ್ಕೊಂಡು ಹೋಗ್ತಾರೆ."

"ಲಿಯೋ?"

"ಅವನೂ ಲಾರೀಲೇ."

ಅತ್ತ ದರಿ, ಇತ್ತ ಪುಲಿ. ಬಾಯಿ ಬಿಟ್ಟರೂ ಲಿಯೋ ಹೋದ. ಬಿಡದಿದ್ದರೂ ಹೋದ!

ಶುಕ್ರವಾರ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಎಂದಿನಂತೆ ಕರಿದ ಮೀನಿನ ಊಟ. ಊರೆಲ್ಲ ಅಲ್ಲಿ. ಬಾಯಿ ತುಂಬ ಮೀನು, ಬಾಯಿ ತುಂಬ ಜಗಳ.

"ನಮ್ಮ ಮಣ್ಣಲ್ಲೇ ಎಣ್ಣೆ ಇಟ್ಕೊಂಡು ಕಂಡೋರ ದೇಶದ ಮುಂದೆ ಯಾಕ್ರಿ ಕೈ ಚಾಚ್ಬೇಕು? ಅಗೀರಿ!" ಅಂದವರು ಮೇಯರ್.

"ಇಲ್ಲಿ ಅಗೆದಿದ್ದು ಇಲ್ಲೇ ಅಗ್ಗಕ್ಕೆ ಸಿಗುತ್ತೆ ಅಂತ ಯಾವನಂದ? ಅದೂ ಪ್ರಪಂಚದ ಸಂತೆಗೇ ಹೋಗೋದು!" ಮಿಸೆಸ್ ಪ್ಲಾಟ್ನರ್.

"ನಮ್ಮಜ್ಜಿ ಊರಲ್ಲಿ ಅಗೆದ್ರು! ಬಾವಿ ನೀರಿಗೆ ಬೆಂಕಿ ಹತ್ತೋದು!" ಯಾರೋ ಹಿಂದಿನಿಂದ ಕೂಗಿದರು.

"ಒಲೆ ಖರ್ಚು ಉಳೀತಲ್ಲ ಬಿಡಿ!"

ಮೀನು ಹಾರಿತು. ಒಂದು ತುಂಡು ಮೇಯರ್ ಕೋಟಿಗೆ ಅಂಟಿತು. ಮೇಯರ್ ಅದನ್ನೂ ತಿಂದರು.

ಕಾಫಿ ಪಾತ್ರೆಯ ಹತ್ತಿರ ನನ್ನ ತೋಳಿಗೆ ಕಬ್ಬಿಣದ ಹಿಡಿ ಬಿತ್ತು. ರಡ್‌ಬೆಕ್!

"ಜಾಡಿ ಕದ್ದೆಯಂತೆ ಹಲುಸ್ಕಾ."

"ನೀನು ಮೋಸಗಾರ ಅಂತ ಊರಿಗೆ ಹೇಳ್ತೀನಿ."

ಅವನು ನಗಲಿಲ್ಲ. ಸುತ್ತ ನೋಡಿದ. ಮೂಲೆಗೆ ಎಳೆದುಕೊಂಡು ಹೋದ.

"ಹೌದಯ್ಯಾ, ಮೋಸಗಾರನೇ! ಐದು ಊರಲ್ಲಿ ಇದೇ ಕಸುಬು. ಎರಡು ಪೀಪಾಯಿ ಎಣ್ಣೆ ನಾನೇ ಸುರೀತೀನಿ, ಮೇಲೆತ್ತಿ ತೋರಿಸ್ತೀನಿ, ಮುಂಗಡ ಇಸ್ಕೊಂಡು ಓಡ್ತೀನಿ. ಆದ್ರೆ ಇಲ್ಲಿ..." ಅವನು ನನ್ನ ತೋಳು ಬಿಟ್ಟ. "ಸುರಿದಿದ್ದು ಎರಡು ಪೀಪಾಯಿ. ಬಂದಿದ್ದು ಹನ್ನೆರಡು! ಇನ್ನೂ ಬರ್ತಾನೇ ಇದೆ! ಹಲುಸ್ಕಾ, ಜೀವನದಲ್ಲಿ ಮೊದಲನೇ ಸಲ ನಾನು ನಿಜ ಹೇಳ್ತಿದೀನಿ. ಹಾಳು ಮಾಡ್ಬೇಡ ಕಣೋ!"

ಅವನ ಕಣ್ಣು ಒದ್ದೆಯಾಗಿತ್ತು! ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದು, ಹಳ್ಳವೇ ಸ್ವರ್ಗ ಅಂದುಕೊಂಡಿದ್ದ.

"ಹಾಳು ಮಾಡಿದ್ರೆ?"

"ಗಾರ್ವಿನ್‌ಗೆ ಹೇಳಿ ನಿನ್ನನ್ನ ಅದೇ ತೂತಲ್ಲಿ ಇಳಿಸ್ತೀನಿ. ತಲೆ ಕೆಳಗೆ!"

ಇನ್ನೂ ಬರುತ್ತಿದೆ ಅಂದನಲ್ಲ... ಬರುವುದು ನಿಂತರೆ?

ನನ್ನ ತಲೆಯಲ್ಲಿ ದೀಪ ಹತ್ತಿತು. ಚಳಿಗಾಲಕ್ಕೆ ಮನೆ ಕಾಯಿಸುವ ಎಣ್ಣೆಯೂ ಪೆಟ್ರೋಲಿನಷ್ಟೇ ತುಟ್ಟಿ. ಊರಿನ ಪ್ರತಿ ನೆಲಮಾಳಿಗೆಯಲ್ಲೂ ಒಂದು ಮುದಿ ಬಾಯ್ಲರ್ ಬಾಯಿ ತೆರೆದು ಕೂತಿದೆ. ಕೊಟ್ಟದ್ದನ್ನೆಲ್ಲ ತಿನ್ನುವ ಬಾಯ್ಲರ್.

ಮೀನಿನ ತಟ್ಟೆ ಹಿಡಿದು ಮಿಸೆಸ್ ಪ್ಲಾಟ್ನರ್ ಪಕ್ಕ ಕೂತೆ.

"ಮೇಡಂ, ಯಾರಿಗೂ ಹೇಳ್ಬೇಡಿ. ಮೈದಾನದ ತೂತಲ್ಲಿ ಬರ್ತಿರೋದು ಬಾಯ್ಲರ್ ಎಣ್ಣೆ. ಪುಕ್ಕಟೆ. ಭಾನುವಾರ ಪೂಜೆ ಹೊತ್ತಲ್ಲಿ ಹೋಗಿ. ಊರೆಲ್ಲ ಚರ್ಚಲ್ಲಿರುತ್ತೆ, ಒಂದು ನರಪಿಳ್ಳೆ ಇರಲ್ಲ."

"ಛೆ ಛೆ! ನಾನಾ? ದೇವರ ಪೂಜೆ ಬಿಟ್ಟಾ?" ಅಂದರು. ಆಮೇಲೆ ತಗ್ಗಿದ ದನಿ. "ಬಕೆಟ್ ನಾವೇ ತರ್ಬೇಕಾ?"

ಬರ್ನಿ ಕೆಫೆಯಲ್ಲಿ ಇದೇ ಗುಟ್ಟನ್ನು ಮೂವರಿಗೆ ಬಡಿಸಿದಳು. ಯಾರಿಗೂ ಹೇಳಬೇಡಿ ಅಂದಳು. ನಮ್ಮೂರಿನಲ್ಲಿ ಡಂಗುರ ಸಾರುವುದಕ್ಕೆ ಅಷ್ಟು ಸಾಕು.

ಭಾನುವಾರ. ಚರ್ಚಿನ ಗಂಟೆ ಮೊಳಗಿತು. ನಾನು ಪಂಪ್ ಚಾಲೂ ಮಾಡಲು ಮೈದಾನಕ್ಕೆ ಹೋದೆ. ಸ್ಕೋರ್‌ಬೋರ್ಡಿನ ಹಿಂದೆ ಗಾರ್ವಿನ್ ನಿಂತಿದ್ದ!

ಕೈ ಸೊಂಟಕ್ಕೆ ಹೋಯಿತು. ನನ್ನ ಪಿಸ್ತೂಲು ಕಾರಿನಲ್ಲಿತ್ತು. ಕಾರು ಮನೆಯಲ್ಲಿತ್ತು... ಪೆಟ್ರೋಲ್ ಉಳಿಸಲು ನಡೆದು ಬಂದಿದ್ದೆ!

"ಗಾರ್ವಿನ್, ಮಾತಾಡೋಣ..."

"ಧಣಿಗೆ ಹೇಳ್ಬೇಡ ವಾಲ್ಟ್," ಅಂದ. ಅವನ ಹಿಂದೆ ನಾಲ್ಕು ಕ್ಯಾನ್‌ಗಳಿದ್ದವು. "ಅಮ್ಮನಿಗೆ ಮಂಡಿ ನೋವು. ಚಳಿ ತಡೆಯಲ್ಲ ಅವಳು."

ಅವನೇ ಪಂಪ್ ಓಡಿಸಿದ.

ಮೊದಲು ಮಿಸೆಸ್ ಪ್ಲಾಟ್ನರ್ ಬಂದರು, ಚರ್ಚಿನ ಹ್ಯಾಟು, ಎರಡು ಬಕೆಟ್. ನಮ್ಮನ್ನು ನೋಡಿ ಬೆಚ್ಚಿದರು. ಆಮೇಲೆ ಔಷಧದಂಗಡಿಯವನು. ಮೇಯರ್ ಮಗುವಿನ ಸ್ನಾನದ ಟಬ್ ಹೊತ್ತು ಬಂದರು. ಎಲ್ಲರೂ ಒಬ್ಬೊಬ್ಬರೇ, ಕಳ್ಳ ಹೆಜ್ಜೆ, ಬೇಲಿಯ ಒಂದೊಂದು ಮೂಲೆಯಿಂದ! ಎಲ್ಲರೂ ಬೆಚ್ಚಿದರು. ಯಾರೂ ಹಿಂದೆ ಹೋಗಲಿಲ್ಲ. ತಲೆ ತಗ್ಗಿಸಿ ಕ್ಯೂ ನಿಂತರು. ಬೇಸಿಗೆ ಪೂರ್ತಿ ಕ್ಯೂ ನಿಂತು ಅಭ್ಯಾಸವಾಗಿತ್ತಲ್ಲ.

ಫಾದರ್ ಬಿಟ್ಟರೆ ಚರ್ಚಿನಲ್ಲಿ ಇದ್ದವರು ಮೂವರೇ. ಕಿವಿ ಕೇಳದ ಆರ್ಗನ್ ಮೇಷ್ಟ್ರು, ರಡ್‌ಬೆಕ್, ಅವನ ಪಕ್ಕ ಬರ್ನಿ. ಊರಿನ ಮನಸ್ಸು ಗೆಲ್ಲಲು ಅವನು ಬೈಬಲ್ ಓದಲು ಒಪ್ಪಿಕೊಂಡಿದ್ದ. ಖಾಲಿ ಬೆಂಚುಗಳಿಗೆ ಓದಿದ. ಆಮೇಲೆ ಬರ್ನಿ ಅವನನ್ನು ಕೆಫೆಗೆ ಕರೆದೊಯ್ದು ಚೆರ್ರಿ ಪೈ ಮೇಲೆ ಪೈ ತಿನ್ನಿಸಿದಳು.

ಪೂಜೆ ಮುಗಿಸಿದ ಫಾದರ್ ಸ್ರೋಕಾ ಸೈಕಲ್ ತುಳಿಯುತ್ತಾ ಮೈದಾನಕ್ಕೆ ಬಂದರು. ಕ್ಯೂ ಉಸಿರು ಬಿಗಿಹಿಡಿಯಿತು.

"ಕುರಿಗಳೆಲ್ಲ ಇಲ್ಲಿದೀರಾ? ಕುರುಬ ಹುಡುಕ್ಕೊಂಡು ಬಂದ."

"ಕುರುಬನ ಸೈಕಲ್ ಹಿಂದೆ ಕ್ಯಾನ್ ಯಾಕೆ ಫಾದರ್?" ಅಂದೆ.

"ಕುರುಬನಿಗೂ ಚಳಿ ಆಗುತ್ತಪ್ಪಾ," ಎಂದು ಸಾಲಿನ ಕೊನೆಗೆ ಹೋಗಿ ನಿಂತರು.

ಪುಣ್ಯಕ್ಕೆ ಅವರ ಕ್ಯಾನ್ ತುಂಬಿದ ಮೇಲೆಯೇ ಪಂಪ್ ಗಾಳಿ ಎಳೆಯತೊಡಗಿತು.

ಸೋಮವಾರ ಸಂಜೆ ಊರೆಲ್ಲ ಮತ್ತೆ ಮೈದಾನದಲ್ಲಿ. ಬರ್ನಿ ಎರಡನೇ ಬೇಸ್ ಮೇಲೆ ನಿಂತಿದ್ದಳು, ಅಲುಗಾಡದೆ, ಮುಖ ಬಿಳುಪೇರಿ. ರಡ್‌ಬೆಕ್ ಹ್ಯಾಟು ತೆಗೆದ.

"ಮಹನೀಯರೇ! ಟಿಲ್ಲರ್ಸ್‌ಬರ್ಗ್‌ನ ಭವಿಷ್ಯ... ನೋಡಿ!"

ಪಂಪ್ ಓಡಿತು. ಗೊರಗೊರ... ಫುಸ್ಸ್!

ಗಾಳಿ. ಬರೀ ಗಾಳಿ.

"ತಡೀರಿ... ಬರುತ್ತೆ..." ಪಂಪನ್ನು ಒದ್ದ. ಪೈಪಿಗೆ ಬಾಯಿಟ್ಟು ಎಳೆದ. ಒಂದು ಚಮಚೆಯಷ್ಟು ತುಕ್ಕು ನೀರು ಬಂತು. "ಇತ್ತು! ಶನಿವಾರ ಇತ್ತು! ಯಾರೋ ಕದ್ದಿದಾರೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಟಿಲ್ಲರ್ಸ್‌ಬರ್ಗ್ ಇಡೀ ತನ್ನ ಉಗುರು ನೋಡಿಕೊಂಡಿತು! ಮಿಸೆಸ್ ಪ್ಲಾಟ್ನರ್ ಮಾತ್ರ ಆ ಸೆಕೆಯಲ್ಲೂ ಕೈಗವಸು ಹಾಕಿ ಬಂದಿದ್ದರು.

"ನೆಲದಡಿಯ ಎಣ್ಣೆ ಯಾರಾದ್ರೂ ಕದೀತಾರೇನ್ರಿ?" ಮೇಯರ್ ಗುಡುಗಿದರು. "ಮೋಸ! ಮಕ್ಕಳ ಮೈದಾನ ಉಳೀಬೇಕು! ಅಗೆಯೋದು ಬೇಡ ಅನ್ನೋರು ಕೈಯೆತ್ತಿ!"

ಎಲ್ಲ ಕೈಗಳೂ ಎದ್ದವು. ಅಂಗೈ ಕಾಣದಂತೆ, ಮುಷ್ಟಿ ಕಟ್ಟಿ.

ರಡ್‌ಬೆಕ್ ಮಣ್ಣಿನಲ್ಲಿ ಕುಸಿದು ಕೂತ. "ನಿಜವಾಗ್ಲೂ ಇತ್ತು ಹಲುಸ್ಕಾ... ದೇವರಾಣೆ..."

"ನಂಬ್ತೀನಿ," ಅಂದೆ. ಪಾಪ, ಅವನನ್ನು ನಂಬಿದವನು ಊರಲ್ಲಿ ನಾನೊಬ್ಬನೇ ಇರಬೇಕು. ಅದೂ ಅವನು ನಿಜ ಹೇಳಿದ ದಿನ.

ಜನ ಕರಗಿದರು. ಬರ್ನಿ ಬೇಸ್ ಮೇಲೆ ಕೂತು ಅಳುತ್ತಿದ್ದಳು, ನಗುತ್ತಲೂ ಇದ್ದಳು. ನಾನು ಪಕ್ಕ ಕೂತೆ.

"ಏನಂತಾನೆ ಲಿಯೋ?"

"ಕೈ ತೊಳ್ಕೊಂಡು ಊಟಕ್ಕೆ ಬಾ ಅಂತಿದಾನೆ. ನಿಂಗೆ."

ಡಿಸೆಂಬರ್ ಬಂತು. ಹಿಮ ಬಿತ್ತು. ಊರಿನ ಪ್ರತಿ ಚಿಮಣಿಯಿಂದಲೂ ಒಂದನೇ ತರಗತಿಯ ವಾಸನೆ. ಚರ್ಚಿನ ಚಿಮಣಿಯಿಂದ ಸ್ವಲ್ಪ ಜಾಸ್ತಿಯೇ. ಯಾರೂ ಏನೂ ಕೇಳಲಿಲ್ಲ. ಭಾನುವಾರದ ಬೆಂಚುಗಳು ತುಂಬಿ ತುಳುಕಿದವು.

ಒಂದು ದಿನ ಫೋನ್ ಬಂತು. ಪರಿಸರ ಇಲಾಖೆಯವನು. ನಿಮ್ಮೂರಲ್ಲಿ ಏನೋ ಕಮಟು ವಾಸನೆಯಂತೆ, ಯಾರಾದರೂ ಹಳೇ ಎಣ್ಣೆ ಉರಿಸುತ್ತಿದ್ದಾರಾ, ವಿಚಾರಿಸಿ ಹೇಳುತ್ತೀರಾ ಅಂದ. ಒಳ್ಳೆಯ ಫೀಸು ಕೊಡುತ್ತೇನೆಂದ.

ಬಾಯ್ಲರಿನ ಹತ್ತಿರ ಕಾಲು ಚಾಚಿ, ಸ್ವೆಟರ್ ಬಿಚ್ಚುತ್ತಾ ಹೇಳಿದೆ:

"ಹೊರಗೆ ಹೋಗಿ ವಿಚಾರಿಸ್ಬೇಕು ಸಾರ್... ಇವತ್ತು ವಿಪರೀತ ಚಳಿ!"