ಪಾಲೇ ಆಗಿಲ್ಲ

ಅಮೃತಹಳ್ಳಿಯ ಹೊಲವನ್ನು ಅಪ್ಪ ಬದುವಿನ ಮೇಲೆ ನಿಂತೇ ಪಾಲು ಮಾಡಿದ್ದ. ರಸ್ತೆ ಬದಿಯದು ಹಿರಿಮಗನಿಗೆ, ಕೆರೆ ಕಡೆಯದು ಕಿರಿಯ ಬೈರಣ್ಣನಿಗೆ. ಆಗ ಎರಡೂ ರಾಗಿ ಬೆಳೆಯುವ ನೆಲವೇ. ಈಗ ರಸ್ತೆ ಬದಿಯದಕ್ಕೆ ಚಿನ್ನದ ಬೆಲೆ! ತನ್ನ ಪಾಲಿನಲ್ಲಿ ನಾಲ್ಕಂತಸ್ತು ಕಟ್ಟಿ ಬಾಡಿಗೆ ತಿನ್ನುತ್ತಿದ್ದರೂ, ಸತ್ತ ಅಣ್ಣನ ಹೆಂಡತಿ ಅಂಜಿನಮ್ಮ ರಸ್ತೆ ಬದಿಯದರಲ್ಲಿ ಹೋಟೆಲಿಟ್ಟು ಮುದ್ದೆ ಬಡಿಸುವುದನ್ನು ಕಂಡಾಗಲೆಲ್ಲ ಬೈರಣ್ಣನ ಹೊಟ್ಟೆ ಉರಿಯುತ್ತಿತ್ತು. ಗಂಡನಿಲ್ಲ, ಮಕ್ಕಳಿಲ್ಲ, ಇವಳಿಗ್ಯಾಕೆ ಅಷ್ಟು ಜಾಗ?

ಉಪಾಯ ಹೊಳೆದದ್ದೂ ಅಲ್ಲೇ, ಅವಳು ಬಡಿಸಿದ ಸೊಪ್ಪಿನ ಸಾರು ಹೀರುತ್ತಿದ್ದಾಗ. ಪಾಲಾಗಿದ್ದು ಬರೀ ಬಾಯಿಮಾತಿನಲ್ಲಿ. ದಾಖಲೆಗಳೆಲ್ಲ ಇಂದಿಗೂ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇದ್ದವು. ಪಾಲೇ ಆಗಿಲ್ಲವೆಂದು ದಾವೆ ಹೂಡಿದರೆ ರಸ್ತೆ ಬದಿಯದರಲ್ಲಿ ಸರಿಯರ್ಧ ತನ್ನದು. ವಕೀಲ ಗುರುಚರಣ್ ವಾರಸುದಾರರು ಯಾರೆಂದು ಕೇಳಿದಾಗ, "ನಾನು, ಸತ್ತ ನಮ್ಮಣ್ಣ, ಅಷ್ಟೇ," ಎಂದ.

ಅಂದಿನ ಪಾಲು ಕಂಡವರಲ್ಲಿ ಉಳಿದಿದ್ದವನು ಮುದುಕ ಕೃಷ್ಣಯ್ಯ ಒಬ್ಬನೇ. ಅವನೋ ಬೈರಣ್ಣನ ಬಾಡಿಗೆಮನೆಯಲ್ಲೇ ಇದ್ದ, ಹೆಂಡತಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು.

"ಪಾಲಾಗಿಲ್ಲ ಅಂತ ಸಾಕ್ಷಿ ಹೇಳು ಮಾವ. ಇಲ್ಲಾಂದ್ರೆ ನಾಳೆನೇ ಮನೆ ಖಾಲಿ ಮಾಡು."

"ಇವಳ್ನ ಎತ್ಕೊಂಡು ಎಲ್ಲಿಗೋಗ್ಲಪ್ಪ?"

"ಅದ್ ನಂಗ್ಯಾಕೆ?"

ಮುದುಕ ಅಳುತ್ತಲೇ ಒಪ್ಪಿದ. ಬೈರಣ್ಣನಿಗೆ ಅವತ್ತು ಒಳ್ಳೇ ನಿದ್ದೆ ಬಂತು.

ಸಮನ್ಸ್ ಸಿಕ್ಕಿದಾಗ ಅಂಜಿನಮ್ಮ ಅದನ್ನು ಹಿಡಿದು ಓಡಿಬಂದಳು. "ಇಂಗ್ ಮಾಡ್ಬಿಟ್ಟೆಯಲ್ಲೋ ಬೈರಣ್ಣ! ನಾನೆಲ್ಲಿ ಬದುಕ್ಲಿ?" ಅವನು ಬಾಗಿಲು ಹಾಕಿಕೊಂಡ. ಕೋರ್ಟೇ ಅವಳಿಗೆ ಪುಕ್ಕಟೆ ವಕೀಲೆಯನ್ನು ಕೊಟ್ಟಿದೆ ಎಂದು ತಿಳಿದಾಗ ನಕ್ಕೂಬಿಟ್ಟ. ಪುಕ್ಕಟೆಯವರು ಏನು ಕಿಸಿದಾರು!

ವಿಚಾರಣೆಯ ದಿನ ಕೃಷ್ಣಯ್ಯನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬೈರಣ್ಣ ಕಟಕಟೆ ಹತ್ತಿದ. ಆ ಪುಕ್ಕಟೆ ವಕೀಲೆ ಹರಿಪ್ರಿಯಾ ದನಿಯೇರಿಸದೆ ಕೇಳಿದಳು:

"ನಿಮ್ಮ ತಂದೆ ಆಸ್ತಿ ಇವತ್ತಿನವರೆಗೂ ಪಾಲಾಗಿಲ್ಲ, ಅಲ್ವಾ?"

"ಪಾಲೇ ಆಗಿಲ್ಲ ಕಣಮ್ಮ."

"ನಿಮ್ಮ ಬಿಲ್ಡಿಂಗ್ ಇರೋ ಜಾಗಾನೂ?"

ಬೈರಣ್ಣ ಲೆಕ್ಕ ಹಾಕಿದ. ಅದು ಮಾತ್ರ ತನ್ನದೆಂದರೆ ಪಾಲಾಗಿದೆ ಎಂದು ಒಪ್ಪಿದಂತೆ. ಇರಲಿ, ಎರಡನ್ನೂ ಅರ್ಧ ಮಾಡಿದರೂ ತನಗೆ ಲಾಭವೇ. "ಅದೂ ಅಷ್ಟೇ," ಎಂದ.

"ಅಕ್ಕತಂಗಿಯರು ಇದಾರಾ?"

ಬೈರಣ್ಣ ಎದೆಯುಬ್ಬಿಸಿದ. "ನಾಕ್ ಜನ ತಂಗೀರು. ಎಲ್ರನ್ನೂ ಮದ್ವೆ ಮಾಡಿ ಕಳ್ಸಿದೀವಿ. ಒಂದ್ ವರ್ಷಾನೂ ಗೌರಿ ಹಬ್ಬದ ಬಾಗಿನ ತಪ್ಪಿಸಿಲ್ಲ."

ಗುರುಚರಣ್ ಹಣೆ ಚಚ್ಚಿಕೊಂಡ. ಹರಿಪ್ರಿಯಾ ಆಗಲೇ ಅರ್ಜಿ ಮುಂದಿಟ್ಟಿದ್ದಳು: ನಾಲ್ವರು ತಂಗಿಯರೂ ದಾವೆಗೆ ಸೇರುತ್ತಾರೆ, ರಸ್ತೆ ಬದಿಯದರಲ್ಲಿ ತಮ್ಮ ಪಾಲನ್ನು ಅತ್ತಿಗೆಗೇ ಬಿಟ್ಟುಕೊಡುತ್ತಾರೆ, ನಾಲ್ಕಂತಸ್ತು ನಿಂತ ನೆಲದಲ್ಲಿ ಮಾತ್ರ ಬಿಡುವುದಿಲ್ಲ. ಪಾಲಾಗದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು, ಮದುವೆಯಾಗಿ ಹೋಗಿದ್ದರೂ ಸರಿ. ಎರಡೂ ಕಡೆ ಬೈರಣ್ಣನಿಗೆ ದಕ್ಕುವುದು ಆರರಲ್ಲೊಂದು ಪಾಲು ಮಾತ್ರ. ಬಾಗಿನ ಕೊಟ್ಟು ಸಾಗಹಾಕಿದವರೂ ವಾರಸುದಾರರೇ ಎಂಬುದು ಬೈರಣ್ಣನಿಗೆ ಹೊಳೆದೇ ಇರಲಿಲ್ಲ.