ರೀಫ್ ಏಳು ಅಡಿ, ಪಾಯಿಂಟ್ ನಾಲ್ಕು

"ನನ್ನ ಒಂದಡಿ ಎಲ್ಲಿ ಮೇಡಂ?"

ಬಾಗಿಲಲ್ಲಿ ನಿಂತಿದ್ದವರ ಮೈಯಿಂದ ಉಪ್ಪುನೀರು ಇಳಿದು, ನಾನು ಆಗಷ್ಟೇ ಒರೆಸಿದ್ದ ನೆಲದ ಮೇಲೆ ಮಡುಗಟ್ಟುತ್ತಿತ್ತು. ಕಂಕುಳಲ್ಲಿ ಸರ್ಫ್ ಬೋರ್ಡು. ಹುಬ್ಬಿನ ತುದಿಯಲ್ಲಿ ಬೀಳಲೋ ಬೇಡವೋ ಎಂದು ತೂಗುತ್ತಿದ್ದ ಒಂದು ಹನಿ.

"ಯಾವ ಒಂದಡಿ?"

"ಕೆಳಗೆ ಹಲಗೇಲಿ ಬರೆದಿದ್ದೀರಲ್ಲ, ರೀಫ್ ಐದು ಅಡಿ ಅಂತ. ನಾಲ್ಕೇ ಇತ್ತು. ಚಳೀಲಿ ಎರಡು ಗಂಟೆ ಕಾದೆ. ಉಳಿದ ಒಂದಡೀನ ನೀವೇ ಇಟ್ಕೊಂಡ್ರಾ?"

ನಾನು ಹೆದರಿಬಿಟ್ಟೆ. ದೂರು ಕೊಡಲು ಬಂದಿದ್ದಾರೆಂದೇ ತಿಳಿದು, ಹಿಂದಿನ ಸಂಜೆಯ ಹಾಳೆ ತೆಗೆದು, ಗಾಳಿ, ಉಬ್ಬರ, ಅಲೆಯಿಂದ ಅಲೆಗೆ ಇರುವ ಸೆಕೆಂಡುಗಳು, ಎಲ್ಲವನ್ನೂ ಬೆರಳಿಟ್ಟು ತೋರಿಸುತ್ತಾ ಹೋದೆ. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ನನ್ನದೇ ಅಕ್ಷರದಲ್ಲಿ, ರೀಫ್: ನಾಲ್ಕು ಅಡಿ.

ಅವರು ಬಗ್ಗಿ ಓದಿದರು. ಹುಬ್ಬಿನ ಹನಿ ಹಾಳೆಯ ಮೇಲೆ ಬಿತ್ತು.

"ಓಹೋ. ಮಾಲು ಸಮೇತ ಸಿಕ್ಕಿಬಿದ್ರಿ."

"ಹೆಚ್ಚು ಬರೆದರೆ ಯಾರಿಗೂ ಪೆಟ್ಟಾಗಲ್ಲ" ಎಂದೆ. ಕಿವಿ ಬಿಸಿಯಾಗಿತ್ತು. "ಕಡಿಮೆ ಬರೆದು ಹೆಚ್ಚು ಬಂದ್ರೆ?"

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ನಗುತ್ತಿದ್ದರು, ಆದರೆ ನನ್ನನ್ನು ನೋಡಿ ನಗುತ್ತಿರಲಿಲ್ಲ. ಆ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು.

"ಪರವಾಗಿಲ್ಲ ಬಿಡಿ. ನೀವು ಕೂಡಿಸ್ತಾ ಇರಿ. ನಾನು ಒಂದಡಿ ಕಳೆದು ಓದ್ಕೋತೀನಿ."

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ದಡದ ಮೇಲೆ ಜೀವರಕ್ಷಕರ ಸಾಮಾನಿನ ಕೋಣೆ. ಅದರ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ನನ್ನ ಕೋಣೆ. ಮೊದಲು ಅಲ್ಲಿ ಟೈಪಿಸ್ಟ್ ಆಗಿದ್ದೆ. ಎರಡು ವರ್ಷ ಸಂಜೆ ತರಗತಿಗೆ ಹೋಗಿ ಹವಾಮಾನದ ಪಾಠ ಕಲಿತೆ. ತೂಕಡಿಸುತ್ತಾ ಕಲಿತದ್ದು ಗಟ್ಟಿಯಾಗಿ ನಿಂತಿದೆಯೋ ಇಲ್ಲವೋ ಎಂಬ ಅನುಮಾನ ಇವತ್ತಿಗೂ ಹೋಗಿಲ್ಲ. ದಿನಾ ಸಂಜೆ ಐದಕ್ಕೆ ಮರುದಿನ ಬೆಳಗಿನ ಅಲೆ, ಗಾಳಿಯ ಮುನ್ಸೂಚನೆಯನ್ನು ಕೆಳಗಿನ ಕರಿಹಲಗೆಯ ಮೇಲೆ ಬರೆಯಬೇಕು. ಅದನ್ನೇ ಓದಿ ಫೋನಿನಲ್ಲಿ ಧ್ವನಿಮುದ್ರಿಸಬೇಕು. ಆ ನಂಬರಿಗೆ ಯಾರು ಎಲ್ಲಿಂದ ಕರೆ ಮಾಡಿದರೂ ನನ್ನ ದನಿ ಕೇಳಿಸುತ್ತದೆ. ಎಷ್ಟು ಕರೆ ಬಂತು ಎಂದು ಯಂತ್ರದ ಮೇಲಿನ ಪುಟ್ಟ ಕಿಟಕಿ ತೋರಿಸುತ್ತದೆ; ಯಾರದು ಎಂದು ತೋರಿಸುವುದಿಲ್ಲ.

ಹಲಗೆಯಲ್ಲಿ ಎರಡು ಕಾಲಂ. ರೀಫ್ ಎಂದರೆ ದಡದಿಂದ ಕೂಗಳತೆಯಲ್ಲಿ ನೀರಿನಡಿ ಮಲಗಿರುವ ಬಂಡೆಸಾಲು. ಅಲೆ ಅದಕ್ಕೆ ಎಡವಿ, ಒಮ್ಮೆಲೇ ಎದ್ದು ನಿಂತು, ಬೀಳುತ್ತದೆ. ಪಾಯಿಂಟ್ ಎಂದರೆ ಕಡಲಿಗೆ ಚಾಚಿಕೊಂಡಿರುವ ನೆಲದ ಮೂಗು. ಅಲೆ ಅದರ ಪಕ್ಕೆಯನ್ನು ಸವರಿಕೊಂಡು, ಚಾಪೆ ಬಿಚ್ಚಿದ ಹಾಗೆ ನಿಧಾನವಾಗಿ ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ.

ಎರಡಕ್ಕೂ ನಾನು ಒಂದೊಂದು ಅಡಿ ಸೇರಿಸಿಯೇ ಬರೆಯುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ, ಭಯ ಹೇಳಿಕೊಟ್ಟದ್ದು.

"ನಮ್ಮನೆ ಗಡಿಯಾರ ಹತ್ತು ನಿಮಿಷ ಮುಂದೆ, ನಮ್ಮ ನಾದಿನಿ ಭಯ ಒಂದಡಿ ಮುಂದೆ" ಎಂದು ಅತ್ತಿಗೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. "ಸಮುದ್ರಕ್ಕೆ ಬಾಯಿದ್ದಿದ್ರೆ ಇವಳ ಮೇಲೆ ಕೇಸ್ ಹಾಕ್ತಿತ್ತು."

ಒಂದಡಿ ಕೇಳಲು ಬಂದಿದ್ದವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ದಡದ ಹಿಂದಿನ ಬೀದಿಯಲ್ಲಿ ಮುರಿದ ಬೋರ್ಡುಗಳನ್ನು ರಿಪೇರಿ ಮಾಡುವ ಶೆಡ್ಡು ಅವರದು. ಸದಾ ಮೊಣಕೈವರೆಗೆ ಬಿಳಿ ಧೂಳು, ಬೆರಳಿನ ಸಂದಿಯಲ್ಲಿ ಒಣಗಿದ ಅಂಟು. ಕೆಲಸ ಶುರುವಾಗುವ ಮೊದಲು, ಬೆಳಗ್ಗೆ, ನೀರು.

ಅವತ್ತಿನಿಂದ ಅವರು ದಿನಾ ನೀರಿನಿಂದೆದ್ದು ನೇರ ಮೇಲಕ್ಕೆ ಬರತೊಡಗಿದರು. ನೆಲ ಒದ್ದೆಯಾಗುತ್ತದೆಂದು ನಾನು ಬಾಗಿಲ ಬಳಿ ಒಂದು ಗೋಣಿಚೀಲ ಹಾಸಿದೆ.

"ನನಗೆ ಹಾಸಿದ್ದಾ?"

"ನೆಲಕ್ಕೆ ಹಾಸಿದ್ದು."

"ನೆಲದ ಮೇಲೆ ಎಷ್ಟು ಪ್ರೀತಿ ನಿಮಗೆ!"

ಆ ಗೋಣಿಚೀಲದ ಮೇಲೆಯೇ ನಿಂತು, ಒಂದು ಹೆಜ್ಜೆಯೂ ದಾಟದೆ, ಅವತ್ತಿನ ಅಲೆ ನಿಜಕ್ಕೂ ಎಷ್ಟಿತ್ತು ಎಂದು ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಬರೆದದ್ದನ್ನು ಇನ್ನೊಮ್ಮೆ ಕೇಳುತ್ತಿದ್ದೆ. ಇನ್ನೊಮ್ಮೆ ಕೇಳಿದ್ದು ಲೆಕ್ಕ ಸರಿಯಾಗಲೆಂದು ಮಾತ್ರ ಅಲ್ಲ.

"ನಿಮಗೆ ಭಯ ಆಗಲ್ವಾ?" ಎಂದು ಒಂದು ದಿನ ಕೇಳಿದೆ.

"ಆಗತ್ತೆ. ಅದಕ್ಕೇ ಗೆರೆ ಹಾಕ್ಕೊಂಡಿದ್ದೀನಿ. ಆರಡಿ ತನಕ ರೀಫು. ಆರು ದಾಟಿದ್ರೆ ತೆಪ್ಪಗೆ ಪಾಯಿಂಟು. ನಮ್ಮಪ್ಪ ಹೇಳಿಕೊಟ್ಟಿದ್ದು. ಇಪ್ಪತ್ತು ವರ್ಷ ಆಯ್ತು, ಒಂದು ಸಲಾನೂ ದಾಟಿಲ್ಲ."

ಅಷ್ಟು ಧೈರ್ಯವಂತರಿಗೂ ಒಂದು ಗೆರೆ ಇದೆ ಎಂದು ತಿಳಿದಾಗ ನನ್ನ ಎದೆ ಹಗುರಾಯಿತು. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲೇ ಇರಬೇಕು.

ಎಂಟು ತಿಂಗಳ ನಂತರ, ಒಂದು ಸಂಜೆ, ನಾನು ಹಲಗೆ ಒರೆಸುತ್ತಿದ್ದಾಗ ಮೇಸ್ತ್ರಿ ಶೆಡ್ಡಿನಿಂದ ಬಂದರು. ಹಿಂದೆ ಕೈ ಕಟ್ಟಿದ್ದರು. ಮೈ ಒಣಗಿತ್ತು, ತಲೆ ಬಾಚಿದ್ದರು. ಗುರುತು ಸಿಗಲು ಒಂದು ಕ್ಷಣ ಬೇಕಾಯಿತು.

"ಕೈ ಚಾಚಿ."

ಚಾಚಿದೆ. ಅಂಗೈ ಮೇಲೆ ಒಂದು ಮರದ ಸ್ಕೇಲ್ ಇಟ್ಟರು. ಸರ್ಫ್ ಬೋರ್ಡಿನ ನಡುವೆ ಬೆನ್ನೆಲುಬಿನ ಹಾಗೆ ಒಂದು ಮರದ ಪಟ್ಟಿ ಇರುತ್ತದೆ. ಯಾವುದೋ ಮುರಿದ ಬೋರ್ಡಿನ ಆ ಪಟ್ಟಿಯನ್ನು ಕತ್ತರಿಸಿ, ಉಜ್ಜಿ, ಅಂಗುಲಗಳ ಗೆರೆ ಕೊರೆದಿದ್ದರು. ಸರಿಯಾಗಿ ಒಂದಡಿ.

"ಇನ್ಮೇಲೆ ನಿಮ್ಮ ಒಂದಡೀನ ಮೇಜಿನ ಮೇಲೆ ಇಟ್ಕೊಳ್ಳಿ. ಹಲಗೆ ಮೇಲೆ ಬೇಡ. ಒಂದು ದಿನವಾದ್ರೂ ಭಯ ಬಿಟ್ಟು ಬರೀರಿ ಮಾರಾಯ್ರೆ."

ಸ್ಕೇಲಿನ ಅಂಚು ಅವರ ಕೈಯ ಬಿಸಿಯನ್ನು ಇನ್ನೂ ಹಿಡಿದಿತ್ತು.

"ನಾಳೆ ಹತ್ತು ಗಂಟೆಗೆ ಬರ್ತೀನಿ" ಎಂದರು. ಅವರು ನೆಲ ನೋಡುತ್ತಿದ್ದರು. "ಒಂದು ಮಾತು ಕೇಳೋದಿದೆ. ಗೋಣಿಚೀಲ ದಾಟಿ ಒಳಗೆ ಬಂದು, ಕೂತ್ಕೊಂಡು ಕೇಳೋ ಮಾತು. ಕುರ್ಚಿ ಹಾಕಿರ್ತೀರಾ?"

"ಹಾಕಿರ್ತೀನಿ."

ಅವರು ಬೀದಿಯ ತಿರುವಿನವರೆಗೆ ಹೋಗಿ ಒಮ್ಮೆ ತಿರುಗಿ ನೋಡಿದರು. ನಾನು ಸ್ಕೇಲನ್ನು ಎತ್ತಿ ತೋರಿಸಿದೆ.

ಆ ಸಂಜೆ ನನ್ನ ಲೆಕ್ಕ ಹೇಳಿದ್ದು ರೀಫ್‌ಗೆ ಏಳು ಅಡಿ. ಎಂದಿನ ಹಾಗಿದ್ದರೆ ಎಂಟು ಎಂದು ಬರೆಯುತ್ತಿದ್ದೆ. ಹೊಸ ಸ್ಕೇಲಿನಿಂದ ಕಾಲಂ ಗೆರೆ ಎಳೆದೆ. ಸೀಮೆಸುಣ್ಣ ಹಿಡಿದು ನಿಂತೆ. ಜೀವನದಲ್ಲಿ ಮೊದಲ ಸಲ ಹೆದರಿಕೆ ಆಗಲಿಲ್ಲ. ಬರೆದೆ: ರೀಫ್ ಏಳು ಅಡಿ, ಪಾಯಿಂಟ್ ನಾಲ್ಕು. ಬೆಳಗ್ಗೆ ನೆಲದ ಕಡೆಯಿಂದ ತೆಳುಗಾಳಿ.

ನಿಜ ಬರೆದಿದ್ದೇನೆ ಎಂದು ಅವರಿಗೆ ಹತ್ತು ಗಂಟೆಗೆ, ಕುರ್ಚಿಯಲ್ಲಿ ಕೂರಿಸಿ ಹೇಳಬೇಕೆಂದುಕೊಂಡೆ. ಅವರು ಕೇಳಲಿರುವ ಮಾತಿಗೆ ಅದೇ ನನ್ನ ಉತ್ತರ ಎಂದುಕೊಂಡೆ. ಅವರು ಒಂದಡಿ ಕಳೆದು ಓದುತ್ತಾರೆ ಎಂಬುದು ನೆನಪಾಗಲೇ ಇಲ್ಲ. ಒಲೆ ಆರಿಸಿದೆನೇ ಎಂದು ಮೂರು ಸಲ ಹಿಂತಿರುಗಿ ನೋಡುವ ನಾನು, ಆ ಒಂದು ಸಂಜೆ ಯಾವುದನ್ನೂ ಎರಡನೇ ಸಲ ನೋಡಲಿಲ್ಲ. ಖುಷಿಯಾಗಿದ್ದೆ.

ಬೆಳಗ್ಗೆ ಎಂಟೂವರೆಗೆ ಕುರ್ಚಿ ಒರೆಸುತ್ತಿದ್ದಾಗ ಕೆಳಗೆ ಗದ್ದಲವಾಯಿತು. ಕಿಟಕಿಯಿಂದ ನೋಡಿದೆ. ನಾಲ್ಕು ಜನ ಒಂದು ಉದ್ದನೆಯ ಬೋರ್ಡನ್ನು ಹೊತ್ತು ಮರಳಿನ ಮೇಲೆ ಓಡುತ್ತಿದ್ದರು. ಬೋರ್ಡಿನ ಮೇಲೆ ಮೇಸ್ತ್ರಿ.

ನಾನು ಅದೇ ಸಂಜೆ ಭಯ ಬಿಟ್ಟಿರುತ್ತೇನೆಂದು ಎಣಿಸದೆ, ಏಳು ಎಂಬುದನ್ನು ಅವರು ಆರು ಎಂದು ಓದಿಕೊಂಡಿದ್ದರು. ಆರಡಿ ತನಕ ರೀಫು. ದೊಡ್ಡ ಅಲೆಗಳು ಕಾಲು ಗಂಟೆಗೊಮ್ಮೆ ಮಾತ್ರ ಬರುತ್ತಿದ್ದವಂತೆ. ನಡುವೆ ನೀರು ಸಾಧುವಾಗಿ ಕಂಡಿತಂತೆ. ಬಂಡೆಯ ಮೇಲೆ ಬಿದ್ದ ಬಲ ಮೊಣಕಾಲು ಇನ್ನು ಪೂರ್ತಿ ಮಡಚುವುದಿಲ್ಲ ಎಂದು ಡಾಕ್ಟರು ಮೂರನೇ ದಿನ ಹೇಳಿದರು.

ಆಸ್ಪತ್ರೆಯಲ್ಲಿ ಅವರ ಅಕ್ಕ ಬಂದು ಕೂತಿದ್ದರು. ಕಡಲು ಕಾಣದಷ್ಟು ದೂರದ ಒಳನಾಡಿನ ಊರಿನವರು. ನನ್ನನ್ನು ಕಂಡು, "ಇವರೇನಾ ನಿನ್ನ ಒಂದಡಿ ಮೇಡಂ?" ಎಂದು ತಮ್ಮನನ್ನು ಕೇಳಿದರು. ಮೇಸ್ತ್ರಿಯ ಬಾಯಿಂದ ನನ್ನ ಸುದ್ದಿ ಅಲ್ಲಿಯವರೆಗೂ ಹೋಗಿತ್ತು.

"ನಿಮ್ಮದೇನೂ ತಪ್ಪಿಲ್ಲ ಮೇಡಂ" ಎಂದರು ಮೇಸ್ತ್ರಿ, ನನ್ನ ಮುಖ ನೋಡಿ. "ನೀವು ಏಳು ಅಂತ ಬರೆದ್ರಿ. ನಿಮ್ಮ ಏಳು ಅಂದ್ರೆ ಆರು. ಸಮುದ್ರಾನೇ ಕೈ ಕೊಡ್ತು."

ಮನೆಗೆ ಬಂದು, ಅವತ್ತು ಒಂದಡಿ ಸೇರಿಸಿರಲಿಲ್ಲವೆಂದು ಅತ್ತಿಗೆಯ ಮುಂದೆ ಹೇಳಿಕೊಂಡು ಅತ್ತುಬಿಟ್ಟೆ.

"ಹೇಳ್ಬೇಡ ಕಣೇ" ಎಂದರು ಅತ್ತಿಗೆ. ಅವರ ದನಿಯಲ್ಲಿ ಆವತ್ತು ತಮಾಷೆ ಇರಲಿಲ್ಲ. "ಅವರು ತಪ್ಪನ್ನ ಸಮುದ್ರದ ಮೇಲೆ ಹಾಕಿದ್ದಾರೆ. ಸಮುದ್ರ ತಡ್ಕೊಳ್ಳತ್ತೆ. ನೀನು ತಡ್ಕೊಳ್ಳಲ್ಲ."

ಹದಿನೈದು ದಿನ ಹೇಳಲಿಲ್ಲ. ದಿನಾ ಹೋದೆ. ಫ್ಲಾಸ್ಕಿನಲ್ಲಿ ಚಹಾ ಒಯ್ದೆ, ದಿಂಬು ಸರಿಮಾಡಿದೆ. ಅವರು ನಗಿಸಿದಾಗ ನಕ್ಕೆ.

ಹದಿನಾರನೇ ದಿನ ಅಕ್ಕ ಔಷಧಿ ತರಲು ಹೋದಾಗ ಅವರು ಹಾಸಿಗೆಯ ಪಕ್ಕದ ಕುರ್ಚಿಯನ್ನು ತೋರಿಸಿದರು.

"ಹತ್ತು ಗಂಟೆಗೆ ಕೇಳೋದು ಅಂದಿದ್ದೆನಲ್ಲ. ಕುರ್ಚಿ ಇಲ್ಲೂ ಇದೆ. ಕೂತ್ಕೊಳ್ಳಿ."

ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು.

"ಅವತ್ತು ನಾನು ಒಂದಡಿ ಸೇರಿಸಿರಲಿಲ್ಲ" ಎಂದೆ. "ಏಳು ಅಂದ್ರೆ ಏಳೇ. ನೀವು ಹೇಳಿದ್ರಲ್ಲ, ಒಂದು ದಿನ ಭಯ ಬಿಟ್ಟು ಬರೀರಿ ಅಂತ."

ಕಾರಿಡಾರಿನಲ್ಲಿ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದರು. ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಮೇಸ್ತ್ರಿ ಹೊದಿಕೆಯ ಮೇಲಿಂದಲೇ ಬಲ ಮೊಣಕಾಲಿನ ಮೇಲೆ ಕೈ ಇಟ್ಟರು.

"ನನಗೋಸ್ಕರಾನಾ?"

"ಹೂಂ."

"ನೀವು ಮೊದಲನೇ ಸಲ ನಿಜ ಬರೆದ್ರಿ" ಎಂದರು ಮೆಲ್ಲಗೆ. "ನಾನು ಅದರಲ್ಲೂ ಒಂದಡಿ ಕಳೆದೆ."

"ಬೈಯಿರಿ ನನ್ನನ್ನ."

"ಬೈಗುಳ ಬರ್ತಿಲ್ಲ. ಬಂದಿದ್ರೆ ಇಬ್ಬರಿಗೂ ಸಲೀಸಾಗ್ತಿತ್ತು." ಕಣ್ಣು ಮುಚ್ಚಿಕೊಂಡರು. "ಒಂದು ಗಳಿಗೆ ಮುಂಚಿನವರೆಗೂ ಆ ಮಾತು ಕೇಳೋ ಧೈರ್ಯ ಇತ್ತು. ಈಗ ಕೇಳಿದ್ರೆ ನೀವು ಹೂಂ ಅಂತೀರಿ, ಗೊತ್ತು. ಆದ್ರೆ ಆ ಹೂಂನಲ್ಲಿ ಈ ಕಾಲಿಗೆ ಎಷ್ಟು, ನನಗೆ ಎಷ್ಟು? ಎಷ್ಟು ಕಳೆದು ಓದ್ಕೋಬೇಕು ಅಂತ ನನಗೆ ಗೊತ್ತಾಗಲ್ಲ ಮೇಡಂ."

ಅದಕ್ಕೆ ಉತ್ತರ ಹೊಳೆದದ್ದು ಬಸ್ಸಿನಲ್ಲಿ, ಮನೆಗೆ ಬರುವಾಗ. ಯಾವತ್ತೂ ಹಾಗೆಯೇ.

ಅಕ್ಕ ಅವರನ್ನು ತಮ್ಮ ಊರಿಗೆ ಕರೆದುಕೊಂಡು ಹೊರಟರು. ಅಲ್ಲಿ ಭಾವನ ಮರಗೆಲಸದ ಅಂಗಡಿಯಲ್ಲಿ ಕೂತು ಮಾಡುವ ಕೆಲಸವಿತ್ತಂತೆ. ಹೊರಡುವ ಬೆಳಗ್ಗೆ ಕಾರು ದಡದ ರಸ್ತೆಯಲ್ಲಿ, ನನ್ನ ಹಲಗೆಯ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಬಲಗಾಲು ಚಾಚಿಕೊಂಡು ಮೇಸ್ತ್ರಿ. ನಾನು ಮೆಟ್ಟಿಲಿಳಿದು ಓಡಿದೆ.

ಅವರು ಹಲಗೆ ಓದುತ್ತಿದ್ದರು. ರೀಫ್ ಎರಡು, ಪಾಯಿಂಟ್ ಒಂದು.

"ಎರಡು ಅಂದ್ರೆ?"

"ಎರಡೇ."

ತಲೆಯಾಡಿಸಿದರು. ಕಿಟಕಿಯ ಗಾಜಿನ ಅಂಚಿನ ಮೇಲೆ ಅವರ ಕೈ ಇತ್ತು. ಉಗುರಿನ ಸಂದಿಯ ಬಿಳಿ ಧೂಳೆಲ್ಲ ಹೋಗಿ, ಯಾರದೋ ಕೈಯ ಹಾಗೆ ಶುಭ್ರವಾಗಿತ್ತು. ಅದರ ಮೇಲೆ ನನ್ನ ಕೈ ಇಟ್ಟೆ. ಇಷ್ಟು ದಿನಗಳಲ್ಲಿ ಅದೇ ಮೊದಲು.

"ಕಾಲು ಸರಿಯಾಗಿದ್ದಾಗಲೇ ನನ್ನ ಉತ್ತರ ಹೂಂ ಆಗಿತ್ತು" ಎಂದೆ. "ಹಿಂದಿನ ದಿನ ಸಂಜೆ ಐದು ಗಂಟೆಗೇ. ಅದಕ್ಕೇ ಏಳು ಅಂತ ಬರೆದೆ. ಅದರಲ್ಲಿ ಕಳೆಯೋದೇನೂ ಇಲ್ಲ."

ಅವರ ಕಣ್ಣು ತುಂಬಿ ಬಂತು. "ನಂಬ್ತೀನಿ" ಎಂದರು. ಮತ್ತೆ ಹಲಗೆಯ ಕಡೆ ನೋಡಿ, "ಆದ್ರೆ ಇಲ್ಲಿದ್ರೆ ದಿನಾ ಈ ಹಲಗೆ ಓದಬೇಕು. ಓದಿ, ನೀರಿಗೆ ಇಳೀದೆ ವಾಪಸ್ ಹೋಗಬೇಕು. ನಾನು ಮುಖ ಗಂಟು ಹಾಕ್ಕೊಂಡು ಮನೆಗೆ ಬಂದಾಗೆಲ್ಲ ನೀವು ಆ ಸಂಜೇನ ನೆನೆಸ್ಕೋತೀರಿ. ನನಗೆ ನಿಮ್ಮ ಭಯದ ಅಳತೆ ಗೊತ್ತು ಮೇಡಂ. ಬೇಡ."

"ಮೇಡಂ ಅನ್ನಬೇಡಿ, ಇವತ್ತೊಂದು ದಿನ."

ಅವರು ಏನೋ ಅನ್ನಲು ಬಾಯಿ ತೆರೆದರು. ಅಕ್ಕ ಮುಂದಿನ ಸೀಟಿನಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡು, "ಹೊತ್ತಾಯ್ತು ಕಣೋ" ಎಂದರು. ಕಾರು ಹೊರಟಿತು. ಬೀದಿಯ ತಿರುವಿನಲ್ಲಿ ಹಿಂದಿನ ಗಾಜಿನೊಳಗೆ ಒಂದು ತಲೆ ತಿರುಗಿದ್ದು ಕಾಣಿಸಿತು. ಸ್ಕೇಲು ನನ್ನ ಕೈಯಲ್ಲಿರಲಿಲ್ಲ, ಮೇಲೆ ಮೇಜಿನ ಮೇಲಿತ್ತು. ಖಾಲಿ ಕೈಯನ್ನೇ ಎತ್ತಿದೆ.

ಅಂದಿನಿಂದ ನಾನು ಸೇರಿಸುವುದನ್ನು ಬಿಟ್ಟಿದ್ದೇನೆ. ಹಲಗೆಯ ಕೆಳಗೆ, ಮಳೆಗೆ ಅಳಿಸದ ಬಣ್ಣದಲ್ಲಿ, 'ಇದ್ದದ್ದನ್ನೇ ಬರೆದಿದೆ, ಕಳೆದು ಓದಬೇಡಿ' ಎಂದು ಬರೆಸಿದ್ದೇನೆ. ಫೋನಿನಲ್ಲೂ ಕೊನೆಗೆ ಅದನ್ನೇ ಓದುತ್ತೇನೆ. ಮೊದಮೊದಲು ಮೂರು ಸಲ ಮುದ್ರಿಸಿಕೊಳ್ಳುತ್ತಿದ್ದೆ.

ಈಗ ಅಲೆಗಳಿಲ್ಲದ ಕಾಲ. ಕಡಲು ತಟ್ಟೆಯ ಹಾಗೆ ಮಲಗಿದೆ. ಇಂಥ ದಿನಗಳಲ್ಲಿ ಇಲ್ಲಿ ಯಾರೂ ಆ ನಂಬರಿಗೆ ಕರೆ ಮಾಡುವುದಿಲ್ಲ. ಕಿಟಕಿಯಿಂದ ನೋಡಿದರೇ ಸಾಕು, ತಿಳಿಯುತ್ತದೆ. ಆದರೂ ಬೆಳಗ್ಗೆ ಬಂದು ಯಂತ್ರದ ಪುಟ್ಟ ಕಿಟಕಿಯನ್ನು ನೋಡಿದಾಗ ಅಲ್ಲಿ ಒಂದು ಎಂದಿರುತ್ತದೆ. ನಿನ್ನೆಯೂ ಒಂದು, ಮೊನ್ನೆಯೂ ಒಂದು.

"ಅವರೇ ಕಣೇ, ಇನ್ಯಾರು?" ಎನ್ನುತ್ತಾರೆ ಅತ್ತಿಗೆ.

ಇರಬಹುದು. ರಾಂಗ್ ನಂಬರೂ ಇರಬಹುದು. ನಾನು ಹಾಳೆ ತೆಗೆದು, ಒಂದಡಿ ಸ್ಕೇಲಿನಿಂದ ಗೆರೆ ಎಳೆದು, ಕಂಡದ್ದನ್ನು ಬರೆಯುತ್ತೇನೆ. ಗಾಳಿ ಇಲ್ಲ. ರೀಫ್ ಸೊನ್ನೆ, ಪಾಯಿಂಟ್ ಸೊನ್ನೆ. ಕರೆ ಒಂದು.

ಒಂದೇ. ಅದಕ್ಕೆ ನಾನು ಏನನ್ನೂ ಸೇರಿಸುವುದಿಲ್ಲ.